ದಾವಿತ್ ಹೋದ ದಿನ

ಕ್ಯೋಟೋ
ಡಿಸೆಂಬರ್ ೨೦೦೦

ಪ್ರೀತಿಯ ಅಪ್ಪನಿಗೆ,

ನೀವು ಎಸ್‌ಟಿಡಿ ಬೂತಿನಿಂದ ಮಾತಾಡಿದ ಮೇಲೆ ನಾನು ಫೋನ್ ಮಾಡಿಲ್ಲ. ಸರಸುಗೆ ಕೋಪ ಬಂದಿದೆ ಅಂದುಕೊಂಡಿರುತ್ತೀರಿ. ಬಂದಿರುವುದು ನಿಜ. ಆದರೆ ಫೋನ್ ಹಿಡಿದರೆ ಮೊದಲು ಅಳು ಬರುತ್ತದೆ, ಆಮೇಲೆ ಜಗಳ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಡಿಸ್ ಅಬಾಬಾದ ಆ ಹೋಟೆಲಿನಲ್ಲಿ ಏನಾಯಿತೆಂದು ನೀವು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಈಗಲಾದರೂ ಕೇಳಿ.

ಅಕ್ಟೋಬರಿನಲ್ಲಿ ಕಿರುಧಾನ್ಯಗಳ ಮೇಲೆ ಅಲ್ಲೊಂದು ಸಮ್ಮೇಳನವಿತ್ತು. ರಾಗಿಯ ಮೇಲೆ ಸಂಶೋಧನೆ ಮಾಡುವವಳು ಬರಲೇಬೇಕು ಎಂದು ನಮ್ಮ ಪ್ರೊಫೆಸರ್ ಹಿರಾನೊ ಸೆನ್ಸೇ ನನ್ನನ್ನೂ ಹೊರಡಿಸಿದರು. ಉಳಿದವರೆಲ್ಲ ಊರ ನಡುವಿನ ದೊಡ್ಡ ಹೋಟೆಲಿನಲ್ಲಿ ಇಳಿದುಕೊಳ್ಳುವವರಿದ್ದರು. ನಾನು ಮಾತ್ರ ಎಂತೋತೋ ಬೆಟ್ಟದ ಕಡೆ ಎಲ್ಲಾದರೂ ಚಿಕ್ಕ ಜಾಗ ಸಿಕ್ಕೀತೇ ಎಂದು ಕೇಳಿದೆ. ನಿಮ್ಮ ಶಾಲೆ ಆ ಬೆಟ್ಟದ ಕೆಳಗಿತ್ತು ಅನ್ನುವುದೊಂದು ನನಗೆ ಗೊತ್ತಿತ್ತು. ನಾನು ಪುಟ್ಟವಳಿದ್ದಾಗ ನಾಲ್ಕು ವರ್ಷ ಲೆಕ್ಕದ ಮೇಷ್ಟ್ರಾಗಿದ್ದ ಊರಿನ ಬಗ್ಗೆ ನೀವು ಮನೆಯಲ್ಲಿ ಆಡಿದ ಮಾತು ಎಷ್ಟು ಕಡಿಮೆ ಅಪ್ಪಾ! ತಟ್ಟೆಗಿಂತ ದೊಡ್ಡದಾದ ಹುಳಿ ದೋಸೆ, ಅತಿಥಿಯ ಕಣ್ಣೆದುರೇ ಹುರಿಯುವ ಕಾಫಿ, ನೀಲಗಿರಿ ಸೌದೆಯ ಹೊಗೆ. ಅಷ್ಟೇ. ಅದರಾಚೆ ಏನು ಕೇಳಿದರೂ ‘ಅದೆಲ್ಲಾ ಹಳೇ ಕಥೆ, ನೀನು ಓದ್ಕೊ ಹೋಗು’ ಅನ್ನುತ್ತಿದ್ದಿರಿ.

ಹೋಟೆಲ್ ಅಂದರೆ ಹೋಟೆಲ್ ಅನ್ನಿಸುವ ಹಾಗಿರಲಿಲ್ಲ. ಊರ ಗದ್ದಲವೆಲ್ಲ ಮುಗಿದು, ಕಲ್ಲು ಹಾಸಿದ ಏರುದಾರಿ ನೀಲಗಿರಿ ಮರಗಳ ನಡುವೆ ತಿರುಗುವ ಕಡೆ ಒಂದು ಹಳೇ ಮನೆ. ಅದನ್ನೇ ಹಿಗ್ಗಿಸಿ ಹತ್ತೋ ಹನ್ನೆರಡೋ ಕೋಣೆ ಮಾಡಿದ್ದರು. ಕಿಟಕಿ ತೆಗೆದರೆ ಹಳದಿ ಹೂವಿನ ಇಳಿಜಾರು, ಅದರಾಚೆ ಇಡೀ ರಾಜಧಾನಿ ಕೆಳಗೆ ಮಂಜಿನಲ್ಲಿ. ಗೋಡೆಗೆ ಬಿಳಿ ಸುಣ್ಣ, ಹಾಸಿಗೆಯ ಮೇಲೆ ಕೈಮಗ್ಗದ ಹೊದಿಕೆ. ಬೆಳಗ್ಗೆ ಇಗರ್ಜಿಯ ಪ್ರಾರ್ಥನೆ ಬಿಟ್ಟರೆ ಸದ್ದೇ ಇಲ್ಲ. ಕ್ಯೋಟೋದಲ್ಲಿ ಬಸ್ಸು, ಸೈಕಲ್ಲು, ಪ್ರಯೋಗಾಲಯ ಎಂದು ಓಡುವವಳು ಮೊದಲ ದಿನ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದೆ.

ಹೋಟೆಲ್ ನಡೆಸುವವರು ಅಲ್ಮಾಜ್. ನಲವತ್ತು ದಾಟಿರಬಹುದು. ಬಹಳ ವರ್ಷ ಹೊರದೇಶದಲ್ಲಿದ್ದು, ಹಳೆಯ ಮಿಲಿಟರಿ ಸರ್ಕಾರ ಬಿದ್ದ ಮೇಲೆ ಹುಟ್ಟಿದ ಮನೆಗೇ ವಾಪಸ್ಸು ಬಂದವರು. ‘ನಿಮ್ಮ ಜಪಾನಿನವರೆಲ್ಲ ಕಂಪ್ಯೂಟರ್ ಕೆಟ್ಟುಹೋಗುತ್ತೆ, ವೈಟುಕೆ ಅಂತ ಒದ್ದಾಡಿದರಂತಲ್ಲ? ನಮ್ಮ ಪಂಚಾಂಗದಲ್ಲಿ ಎರಡು ಸಾವಿರದ ಇಸವಿ ಬರೋಕೆ ಇನ್ನೂ ಏಳು ವರ್ಷ ಇದೆ’ ಎಂದು ನಗುತ್ತಾ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡರು. ಹೆಸರು ಓದಿದೊಡನೆ ಅವರ ನಗು ಅಲ್ಲೇ ನಿಂತಿತು.

ಕ್ಯೋಟೋದಲ್ಲಿ ನನ್ನನ್ನು ಯಾರೂ ಸರಸ್ವತಿ ಅನ್ನುವುದಿಲ್ಲ, ನಿಮಗೆ ಗೊತ್ತು. ಹೆಸರಿನ ಮುಂದೆ ಇರುವ ನಿಮ್ಮ ಹೆಸರನ್ನೇ ಮನೆತನದ ಹೆಸರೆಂದು ತಿಳಿದು, ಗೌರವದ ‘ಸಾನ್’ ಸೇರಿಸಿ, ಎಲ್ಲರೂ ‘ರಮಾಕಾಂತ ಸಾನ್’ ಎಂದೇ ಕರೆಯುತ್ತಾರೆ. ಅಲ್ಮಾಜ್ ಕೂಡ ಅದನ್ನೇ ಓದಿದರು. ‘ರಮಾಕಾಂತ? ಲೆಕ್ಕದ ಮೇಷ್ಟ್ರು ರಮಾಕಾಂತ?’ ಹೌದು, ನಮ್ಮ ತಂದೆ ಅಂದೆ. ಆಕೆ ಮೇಜು ಬಳಸಿ ಈಚೆ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಕೈ ಹಿಡಿದು ಒಳಗೆ ಎಳೆದುಕೊಂಡೇ ಹೋದರು.

ಒಳಗಿನ ಕೋಣೆಯಲ್ಲಿ ಅವರ ತಾಯಿ ಕೂತಿದ್ದರು. ಎಂಬತ್ತರ ಹತ್ತಿರದವರು, ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಲ್ಮಾಜ್ ಅವರ ಕಿವಿಯಲ್ಲಿ ಏನೋ ಹೇಳಿದರು. ಆ ತಾಯಿ ನನ್ನ ಮುಖವನ್ನೆಲ್ಲ ಬೆರಳಿನಿಂದ ಸವರಿ ಅಳತೊಡಗಿದರು. ‘ಈ ಮಗು ನಮ್ಮ ಅಂಗಳದಲ್ಲಿ ಆಡಿದೆ ಅಂತಿದಾರೆ. ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸ್ತಿದ್ದವನು ನಮ್ಮ ದಾವಿತ್’ ಎಂದರು ಅಲ್ಮಾಜ್.

ದಾವಿತ್ ಅವರ ತಮ್ಮ. ನಿಮ್ಮ ಶಿಷ್ಯ. ಹದಿನೇಳು ತುಂಬಿತ್ತಂತೆ. ಶಾಲೆಯ ಹುಡುಗರ ಜೊತೆ ಸೇರಿ ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದ. ಅಂಥ ಹುಡುಗರನ್ನು ಬೀದಿಬೀದಿಯಲ್ಲಿ ಹಿಡಿದು ಕೊಲ್ಲುತ್ತಿದ್ದ ಕಾಲ. ಒಂದು ದಿನ ಮನೆಮನೆ ಶೋಧ ಶುರುವಾದಾಗ ಅವನು ಹಿತ್ತಲಿನಿಂದ ಓಡಿದ. ಹತ್ತಿರದಲ್ಲೇ ಇದ್ದ ನಿಮ್ಮ ಮನೆಯ ಗೇಟು ಹಾರಿ ಒಳಗೆ ಹೋದದ್ದನ್ನು ನೆರೆಯಾಕೆ ನೋಡಿದ್ದಳು. ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಹೆಣವೂ ಸಿಗಲಿಲ್ಲ. ಸ್ವಲ್ಪ ದಿನಕ್ಕೆ ನೀವು ಸಂಸಾರ ಸಮೇತ ದೇಶ ಬಿಟ್ಟಿರಿ. ಅವರು ಇವನ್ನೆಲ್ಲ ಕೂಡಿಸಿ ಒಂದು ಉತ್ತರ ಕಟ್ಟಿಕೊಂಡಿದ್ದಾರೆ ಅಪ್ಪಾ: ಇಂಡಿಯಾದ ಮೇಷ್ಟ್ರು ಹುಡುಗನನ್ನು ಬಚ್ಚಿಟ್ಟು ಸುಡಾನಿನ ದಾರಿಗೆ ಹಚ್ಚಿದರು.

ಆ ತಾಯಿ ಇಪ್ಪತ್ತಮೂರು ವರ್ಷದಿಂದ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳುತ್ತಿದ್ದಾರೆ.

ನೆಲಕ್ಕೆ ಹಸಿ ಹುಲ್ಲು ಹಾಸಿ, ಕೆಂಡದ ಮೇಲೆ ಕಾಫಿ ಹುರಿದು ಮೂರು ಸಲ ಬಗ್ಗಿಸಿ ಕೊಟ್ಟರು. ಮೂರನೆಯದು ಆಶೀರ್ವಾದದ ಲೋಟವಂತೆ. ನಾನು ಮೂರನ್ನೂ ಕುಡಿದೆ. ಎಷ್ಟು ಹೆಮ್ಮೆಯಿಂದ ಕುಡಿದೆ ಗೊತ್ತೇ? ನಮ್ಮಪ್ಪ ಒಂದು ಜೀವ ಉಳಿಸಿದವರು, ಅದನ್ನೂ ಬಾಯಿಬಿಟ್ಟು ಹೇಳಿಕೊಳ್ಳದವರು! ಅಲ್ಲಿದ್ದ ಆರು ದಿನವೂ ಸಮ್ಮೇಳನ ಮುಗಿದೊಡನೆ ಬೆಟ್ಟ ಹತ್ತಿ ಬಂದು ಆ ತಾಯಿಯ ಪಕ್ಕ ಕೂರುತ್ತಿದ್ದೆ. ಭಾಷೆ ಬಾರದು. ಅವರು ನನ್ನ ಜಡೆ ಹೆಣೆಯುತ್ತಿದ್ದರು.

ಹೊರಡುವ ದಿನ ಅಲ್ಮಾಜ್ ಟ್ಯಾಕ್ಸಿವರೆಗೆ ಬಂದು, ತಾಯಿಗೆ ಕೇಳದಷ್ಟು ದೂರದಲ್ಲಿ ನಿಂತು ಹೇಳಿದರು. ‘ಅಮ್ಮ ನಂಬ್ತಾರೆ. ನಾನು ನಂಬೋದಿಲ್ಲ. ಬದುಕಿದ್ದಿದ್ದರೆ ಅವನು ಒಂದು ಸಾಲಾದರೂ ಬರೀತಿದ್ದ. ನಿಮ್ಮ ತಂದೆಗೆ ಏನಾದರೂ ಗೊತ್ತಿದ್ದರೆ ಕೇಳು. ಓಡಿಹೋದ ದಿನವೇ ಸತ್ತನೋ, ಆಮೇಲೋ, ಯಾವ ದಿನ ಅನ್ನೋದು ಗೊತ್ತಾದರೂ ಸಾಕು. ನಮ್ಮಲ್ಲಿ ಸತ್ತವರಿಗೆ ನಲವತ್ತನೇ ದಿನ ಪಾದ್ರಿಗಳನ್ನ ಕರೆದು ಊಟ ಹಾಕಬೇಕು. ಅವನಿಗೆ ಅದೂ ಆಗಿಲ್ಲ.’ ತಿಥಿ ಗೊತ್ತಿಲ್ಲದ ಸಾವು ಅಂದರೆ ಏನೆಂದು ನಮ್ಮ ಮನೆಯಲ್ಲಿ ಬೆಳೆದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನಾನು ಏನು ಹೇಳಿದೆ ಗೊತ್ತೇ? ‘ಹೆದರಬೇಡಿ, ನಮ್ಮಪ್ಪ ಒಳ್ಳೇ ಸುದ್ದಿ ಹೇಳ್ತಾರೆ’ ಅಂದೆ.

ಕ್ಯೋಟೋಗೆ ಬಂದವಳು ಪೆಟ್ಟಿಗೆ ಕೋಣೆಯಲ್ಲಿಟ್ಟು ನೇರ ಕೊಂಬಿನಿ ಅಂಗಡಿಯ ಪಕ್ಕದ ಫೋನ್ ಬೂತಿಗೆ ಓಡಿದೆ. ‘ಅಪ್ಪಾ, ದಾವಿತ್ ಮನೆಯವರು ಸಿಕ್ಕಿದ್ರು. ನೀವು ಅವನನ್ನ ಬಚ್ಚಿಟ್ಟಿದ್ದನ್ನ ನಮಗೆ ಯಾಕೆ ಹೇಳ್ಲೇ ಇಲ್ಲ?’ ಅಂದೆ. ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿಸಿತು. ಮತ್ತೆ ಮಾಡಿದಾಗ ಅಮ್ಮ ಎತ್ತಿಕೊಂಡು, ‘ಏನಂದ್ಯೇ ಅವ್ರಿಗೆ? ಊಟ ಬಿಟ್ಟು ದೇವ್ರ ಮನೇಲಿ ಕೂತ್ಬಿಟ್ಟಿದಾರೆ’ ಎಂದು ನನ್ನನ್ನೇ ಬೈದರು.

ಮುಂದಿನ ವಾರ ಪ್ರಯೋಗಾಲಯಕ್ಕೆ ಕರೆ ಬಂತು. ಕಾರ್ಯದರ್ಶಿ ಇಕೆದಾ ಸಾನ್ ಗೊಂದಲದಿಂದ ಬಂದು, ‘ಸುಮಿಮಾಸೆನ್, ಕ್ಷಮಿಸಿ, ರಮಾಕಾಂತ ಸಾನ್‌ಗೆ ರಮಾಕಾಂತ ಸಾನ್ ಫೋನ್ ಮಾಡಿದ್ದಾರೆ’ ಎಂದರು. ತುಮಕೂರಿನ ಬಸ್ ಸ್ಟ್ಯಾಂಡಿನ ಹಾರನ್ನು ಹಿಂದೆ ಕೇಳುತ್ತಿತ್ತು. ಅಮ್ಮನಿಗೆ ಕೇಳಬಾರದೆಂದು ಬೂತಿಗೆ ಬಂದಿದ್ದಿರಿ. ಅವತ್ತು ನೀವಾಡಿದ ಮಾತು ಒಂದೂ ಮರೆತಿಲ್ಲ.

‘ಸರಸು, ನಾನು ಬಾಗಿಲು ತೆಗೀಲಿಲ್ಲ ಕಣೇ. ನಿಮ್ಮಮ್ಮ ಸಕ್ಕರೆಗೆ ಕ್ಯೂ ನಿಲ್ಲೋಕೆ ಹೋಗಿದ್ಲು. ಮನೇಲಿ ನಾನು, ನೀನು. ನಿಂಗೆ ಜ್ವರ. ಪರದೆ ಸಂದಿಯಿಂದ ನೋಡ್ದೆ, ಬಾಗಿಲ ಹತ್ರ ನಿಂತಿದ್ದ. ಜೋರಾಗಿ ಬಡೀಲೂ ಇಲ್ಲ ಅವನು. ಮೆತ್ತಗೆ, ಸರ್, ಸರ್ ಅಂತಿದ್ದ. ಒಳಗೆ ಬಿಟ್ಕೊಂಡೋರನ್ನೂ ಗುಂಡು ಹಾಕ್ತಿದ್ರು ಆಗ. ಅಷ್ಟೊತ್ತಿಗೆ ನಿನಗೆ ಅವನ ದನಿ ಗುರ್ತು ಸಿಕ್ಬಿಡ್ತು. ದಾವೀ ಅಂತ ಕೂಗೋಕೆ ಹೊರಟೆ. ನಾನು ನಿನ್ನ ಬಾಯಿ ಮುಚ್ಚಿದೆ.’

ಬಸ್ಸಿನ ಹಾರನ್ನಿನ ನಡುವೆಯೇ ಮುಂದುವರಿಸಿದಿರಿ.

‘ಸ್ವಲ್ಪ ಹೊತ್ತು ನೋಡಿ ಹಿಂದಿನ ಗೋಡೆ ಹತ್ತಿ ಹಳ್ಳದ ಕಡೆ ಇಳಿದ. ಸೇತುವೆ ಹತ್ರ ಮಿಲಿಟರಿಯೋರು ಕಾಯ್ತಾ ಇದ್ರು. ನಂಗೆ ಅಡಿಗೆಮನೆ ಕಿಟಕಿಯಿಂದ ಕಾಣಿಸ್ತು. ಅಲ್ಲೇ ಗುಂಡು ಹೊಡೆದ್ರು, ಹೆಣಾನ ಲಾರಿಗೆ ಹಾಕ್ಕೊಂಡು ಹೋದ್ರು. ಯಾರಿಗೂ ಹೇಳ್ಲಿಲ್ಲ. ನಿಮ್ಮಮ್ಮಂಗೂ.’

ಆ ಸಂಜೆ ಸೈಕಲ್ ತಳ್ಳಿಕೊಂಡು ಕಾಮೋ ನದಿಯ ದಂಡೆಯಲ್ಲಿ ಎಷ್ಟು ದೂರ ನಡೆದೆನೋ ತಿಳಿಯದು. ಬಾಯಿಯ ಮೇಲಿದ್ದ ನಿಮ್ಮ ಕೈಯನ್ನು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಿಲ್ಲ. ಹೆಗಲ ಮೇಲೆ ಹೊತ್ತವನ ಮುಖವೂ ನೆನಪಿಲ್ಲ. ನೆನಪಾದದ್ದು ಬೇರೆ. ನಮ್ಮ ಮನೆಯ ಬಾಗಿಲು ಯಾರು ತಟ್ಟಿದರೂ, ಸೊಪ್ಪಿನವಳಾಗಲಿ ಚಂದಾ ಕೇಳುವವರಾಗಲಿ, ಉಣ್ಣುವ ಕೈಯಲ್ಲೇ ಎದ್ದು ಓಡುತ್ತಿದ್ದವರು ನೀವು. ‘ಬಾಗಿಲು ಬಡಿದ್ರೆ ಇವ್ರಿಗೆ ಮೈಮೇಲೆ ದೇವ್ರು ಬರುತ್ತೆ’ ಎಂದು ಅಮ್ಮ ಗೇಲಿ ಮಾಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನೀವೂ ನಗುತ್ತಿದ್ದಿರಲ್ಲ, ಹೇಗೆ ನಕ್ಕಿರಿ ಅಪ್ಪಾ?

ಬಾಗಿಲು ತೆಗೆಯದಿದ್ದದ್ದಕ್ಕೆ ನಾನು ನಿಮ್ಮನ್ನು ಏನೂ ಅನ್ನಲಾರೆ. ಜ್ವರದ ಮಗುವನ್ನು ಎತ್ತಿಕೊಂಡು ನಿಂತ ಅಪ್ಪನಿಗೆ ಇಂಥದ್ದು ಮಾಡಬೇಕಿತ್ತು ಎಂದು ಹೇಳಲು ನಾನು ಯಾರು? ಆ ಮಗು ನಾನೇ. ನೀವು ಬಾಗಿಲು ತೆಗೆದಿದ್ದರೆ ಇದನ್ನು ಬರೆಯುವ ಕೈ ಇರುತ್ತಿತ್ತೋ ಇಲ್ಲವೋ. ಅನ್ನ ಉಣ್ಣುವಾಗ, ಹಲ್ಲುಜ್ಜುವಾಗ ಕೂಡ ಇದು ನನ್ನನ್ನು ಬಿಡುತ್ತಿಲ್ಲ.

ನನಗೆ ನುಂಗಲಾಗದ್ದು ಅದರ ನಂತರದ್ದು. ಆ ಸರ್ಕಾರ ಇದ್ದಷ್ಟು ಕಾಲ ಕಾಗದ ಒಡೆದು ನೋಡುತ್ತಿದ್ದರು, ಬರೆದರೆ ಅವರಿಗೇ ಅಪಾಯ, ಒಪ್ಪಿದೆ. ಅದು ಬಿದ್ದ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಓದಿ ಹೇಳಿದವಳು ನಾನೇ. ನೀವು ಎದ್ದು ಗಿಡಕ್ಕೆ ನೀರು ಹಾಕಲು ಹೋದಿರಿ. ಅದಾಗಿ ಒಂಬತ್ತು ವರ್ಷ. ಆ ಒಂಬತ್ತು ವರ್ಷವೂ ಒಬ್ಬ ತಾಯಿ ಸುಡಾನಿನ ದಾರಿ ಕಾಯುತ್ತಾ ಕೂತಿದ್ದಾರೆ. ಅವರ ಮಗ ಎಲ್ಲಿ ಬಿದ್ದ ಎನ್ನುವುದು ಗೊತ್ತಿದ್ದ ಒಬ್ಬ ಮನುಷ್ಯ ತುಮಕೂರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಇದು ನನ್ನ ಕೋಪ. ಬರೆದಾಯಿತು.

ಸುಮ್ಮನಿದ್ದುಬಿಡೋಣ ಎಂದೂ ಯೋಚಿಸಿದೆ. ಆ ತಾಯಿಗೆ ಇನ್ನೆಷ್ಟು ದಿನವೋ. ಮಗ ಬದುಕಿದ್ದಾನೆಂದು ನಂಬಿಯೇ ಹೋಗಲಿ ಎಂದು. ಅಲ್ಮಾಜ್‌ಗೆ ‘ಅಪ್ಪನಿಗೆ ಏನೂ ಗೊತ್ತಿಲ್ಲವಂತೆ’ ಎಂದು ಬರೆಯಲೂ ಕೂತೆ. ಆಗಲಿಲ್ಲ. ಒಂದು ಸಲ ನೀವು ಒಳಗಿದ್ದೂ ಇಲ್ಲದವರಂತೆ ನಿಂತಿರಿ. ಎರಡನೆಯ ಸಲ ನಾನು ಹಾಗೆ ನಿಲ್ಲಲಾರೆ. ಹಾಗೆಂದು ನಿಮ್ಮ ಮಾತನ್ನು ನಾನು ಹೋಗಿ ಹೇಳಲಾರೆ. ನೋಡಿದವರು ನೀವು, ಹೇಳಬೇಕಾದವರೂ ನೀವೇ.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ‘ನಿಮ್ಮಪ್ಪ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಫೋಟೋ ತೆಗೆಸ್ಕೊಂಡು ಬಂದಿದಾರೆ. ಕೇಳಿದ್ರೆ ಮಾತೇ ಇಲ್ಲ. ಜಪಾನಿಗೆ ಬರ್ತಾರಂತೇನೇ? ಚಳೀಲಿ ಯಾಕೇ ಈಗ?’ ಎಂದರು. ದನಿಯಲ್ಲಿ ಖುಷಿ. ನಾನು ಫೋನ್ ಇಟ್ಟು ಕೋಣೆಯ ನೆಲದ ಮೇಲೆ ಕೂತು ಅತ್ತೆ.

ಎಲ್ಲಿಗೆ ಹೊರಟಿದ್ದೀರಿ ಎನ್ನುವುದು ನನಗೆ ಗೊತ್ತು. ಒಬ್ಬರೇ ಹೋಗಬೇಡಿ. ಫೆಬ್ರುವರಿಯಲ್ಲಿ ನನಗೆ ರಜೆ ಇದೆ, ಸೆನ್ಸೇ ಒಪ್ಪಿದ್ದಾರೆ. ನೀವು ಮುಂಬೈಯಿಂದ ಬನ್ನಿ, ನಾನು ಇಲ್ಲಿಂದ ಬರುತ್ತೇನೆ, ಅಡಿಸ್‌ನಲ್ಲಿ ಸೇರೋಣ. ಉಳಿದುಕೊಳ್ಳುವುದು ಅದೇ ಹೋಟೆಲಿನಲ್ಲಿ. ಬೇರೆ ಕಡೆ ಇಳಿದು, ಬಂದು ಹೇಳಿ, ಎದ್ದು ಹೋಗುವುದು ಬೇಡ. ಅವರು ಬಾಯಿಗೆ ಬಂದಂತೆ ಬೈದರೂ, ಊಟ ಕೊಡದೆ ಹೊರಗೆ ಹಾಕಿದರೂ ನಾನು ಪಕ್ಕದಲ್ಲೇ ಇರುತ್ತೇನೆ. ಒಂದು ಮಾತು ಮಾತ್ರ: ಹೊರಡುವ ಮೊದಲು ಅಮ್ಮನಿಗೆ ಎಲ್ಲವನ್ನೂ ಹೇಳಿ. ಅವರು ನಿಮ್ಮ ಜೊತೆ ಬರುತ್ತೇನೆ ಎಂದರೆ ತಡೆಯಬೇಡಿ.

ಅಲ್ಮಾಜ್‌ಗೆ ಇವತ್ತು ಎರಡೇ ಸಾಲು ಬರೆದಿದ್ದೇನೆ: ಅಪ್ಪ ಬರುತ್ತಿದ್ದಾರೆ, ಆ ದಿನ ಯಾವುದೆಂದು ಅವರಿಗೆ ಗೊತ್ತು. ಓದಿದೊಡನೆ ಆಕೆಗೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಇನ್ನು ನೀವು ಹಿಂದೆ ಸರಿಯುವಂತಿಲ್ಲ. ಕೇಳದೆ ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಫೆಬ್ರುವರಿಯಲ್ಲೂ ಅಲ್ಲಿ ಬೆಳಗ್ಗೆ ಚಳಿಯಂತೆ. ಸ್ವೆಟರ್ ಇಟ್ಟುಕೊಳ್ಳಿ, ಬಿ.ಪಿ. ಮಾತ್ರೆ ಮರೆಯಬೇಡಿ. ವಿಮಾನದಲ್ಲಿ ನಿದ್ದೆ ಬಾರದಿದ್ದರೆ ಆ ತಾಯಿಗೆ ಏನು ಹೇಳಬೇಕು ಎಂದು ಗಟ್ಟಿಮಾಡಿಕೊಂಡು ಬರಬೇಡಿ. ಸುಮ್ಮನೆ ಬನ್ನಿ. ಅವರು ಮೊದಲು ನಿಮ್ಮ ಮುಖ ಮುಟ್ಟಿ ನೋಡುತ್ತಾರೆ. ಮುಟ್ಟಲು ಬಿಡಿ.

ನೀವು ಉಳಿಸಿಕೊಂಡ ಮಗಳ ನಮಸ್ಕಾರಗಳು. ಆ ತಾಯಿಯ ದೇವರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾನೋ ಆ ಭಾಷೆಯಲ್ಲಿ ನಿಮ್ಮ ಬಾಯಿಗೆ ಮಾತು ಕೊಡಲಿ.

ನಿಮ್ಮ
ಸರಸು