ಏಟಿಗೆ ಎದ್ದ ನರ

ಮಾರ್ಚ್ ೧೨, ಮಂಗಳವಾರ

ಎಡಗೆನ್ನೆ ಇನ್ನೂ ಉರಿಯುತ್ತಿದೆ. ಹಲ್ಲುನೋವು ಎಂದು ಅಮ್ಮನಿಗೆ ಸುಳ್ಳು ಹೇಳಿದೆ.

ನಮ್ಮ ಕ್ಯಾನ್ಸರ್ ವಾರ್ಡಿನ ನಾಲ್ಕನೇ ಹಾಸಿಗೆಯ ಟೀಚರಿಗೆ ಇಂದು ಆರನೇ ಕೀಮೋ. ಔಷಧಕ್ಕೆ ಬೆಂದು ಅವರ ಕೈಯ ನರಗಳೆಲ್ಲ ಅಡಗಿ ಕೂತಿವೆ. ಎರಡು ಸಲ ಸೂಜಿ ತಪ್ಪಿತು. ನರ ಮೇಲೇಳಲೆಂದು ಎಂದಿನಂತೆ ಮುಂಗೈಗೆ ಪಟಪಟನೆ ಹೊಡೆಯುತ್ತಿದ್ದೆ. ಅಷ್ಟರಲ್ಲಿ ಅವರ ತಮ್ಮ ಒಳಗೆ ಬಂದ.

"ಸಾಯೋಳ ಮೇಲೆ ಕೈ ಮಾಡ್ತೀಯೇನೇ?" ಎಂದವನೇ ನನ್ನ ಜಡೆ ಹಿಡಿದೆಳೆದು ಬಾರಿಸಿದ. ಟ್ರೇ ಉರುಳಿತು. ಬಾಯಿ ತುಂಬ ರಕ್ತ. ಪ್ಲಾಸ್ಟರ್ ಕತ್ತರಿಸುವ ಕತ್ತರಿ ನನ್ನ ಕೈಗೆ ಸಿಕ್ಕಿತು. ಅವನ ಹೊಟ್ಟೆಗೇ ಗುರಿಯಿಟ್ಟಿದ್ದೆ. ಇದನ್ನು ಈ ಡೈರಿಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಟೀಚರೇ ನನಗಿಂತ ಮುಂದಾದರು. ಎದ್ದು ಕೂತು ಅವನ ಕೆನ್ನೆಗೆ ಒಂದು ಬಿಟ್ಟರು.

"ಯಾರೋ ಸಾಯೋಳು? ನಡಿ ಆಚೆ."

ಅವನು ಹೋದ ಮೇಲೂ ಅವರ ಮುಷ್ಟಿ ಬಿಗಿದೇ ಇತ್ತು. ಅದರ ಮೇಲೆ ನರ ಹಗ್ಗದಂತೆ ಎದ್ದು ನಿಂತಿತ್ತು.

"ಹಾಗೇ ಹಿಡ್ಕೊಂಡಿರಿ ಟೀಚರ್," ಎಂದು ರಕ್ತ ನುಂಗಿ ಸೂಜಿ ಚುಚ್ಚಿದೆ. ಒಂದೇ ಸಲಕ್ಕೆ ಹೋಯಿತು.

"ಮುಂದಿನ್ಸಲಾನೂ ಅವನನ್ನ ಕರ್ಕೊಂಡ್ಬರ್ತೀನಿ ಬಿಡು," ಎಂದರು. ಇಬ್ಬರೂ ನಕ್ಕೆವು.

ನಕ್ಕರೇನು, ಕತ್ತರಿ ಹಿಡಿದಿದ್ದ, ಈಗ ಬರೆಯುತ್ತಿರುವ ನನ್ನ ಈ ಕೈಯ ಮೇಲೆ ನರ ಇನ್ನೂ ಇಳಿದಿಲ್ಲ.