ಮರಿ ಮಾತು ಕೇಳಬೇಕಾದರೆ

ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಮಕ್ಕಳು ಕೇಳಿದ್ದ ಟೆರಿಯರ್ ಮರಿಯನ್ನು ಈ ಪತ್ರದ ಜೊತೆ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಐದು ಮರಿಗಳ ಮುಂದೆ ಕೀಗೊಂಚಲು ಬೀಳಿಸಿದೆ. ನಾಲ್ಕು ಮಂಚದ ಕೆಳಗೆ ಓಡಿದವು, ಇದು ಬಂದು ಮೂಸಿ ನೋಡಿ ನನ್ನ ಚಪ್ಪಲಿ ಕಚ್ಚಿತು. ಆಗಲೇ ಆರಿಸಿಬಿಟ್ಟೆ. ನಾಯಿ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಬೇಕು. "ಏಳನೇ ಕ್ಲಾಸು ದಾಟದವನು ನಾಯಿಗೇನು ಕಲಿಸ್ತಾನೆ" ಅಂತ ಭಾವ ನಕ್ಕರಲ್ಲ, ಒಂದೇ ತಿಂಗಳಲ್ಲಿ ಕೂರುವುದು, ನಿಲ್ಲುವುದು, ಕರೆದರೆ ಬರುವುದು ಎಲ್ಲಾ ಕಲಿಸಿದ್ದೇನೆ. ಉಚ್ಚೆಗೂ ಹೊರಗೇ ಹೋಗುತ್ತದೆ.

ಒಂದೇ ಒಂದು ವಿಷಯ. "ಕೂತ್ಕೋ" ಅಂತ ಸುಮ್ಮನೆ ಹೇಳಿದರೆ ಅದು ನಿನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತದೆ. ಮೊದಲು ಎರಡು ಸಲ ಜೋರಾಗಿ ಕೆಮ್ಮಿ ಆಮೇಲೆ ಹೇಳಬೇಕು. ನನ್ನಿಂದ ಅದು ಕಲಿತದ್ದೇ ಹಾಗೆ. ಕೆಮ್ಮು ನಿಂತು ಎಷ್ಟೋ ದಿನವಾಯಿತು ಅಂತ ಫೋನಿನಲ್ಲಿ ನಿನಗೆ ಹೇಳಿದ್ದೆ, ನಿಜ. ಆದರೆ ಮರಿ ಮಾತು ಕೇಳಲ್ಲ ಅಂತ ಭಾವ ವಾಪಸು ಕಳಿಸಿದರೆ ಮಕ್ಕಳು ಅಳುತ್ತವೆ, ಅದಕ್ಕೇ ಬಾಯಿಬಿಟ್ಟೆ.

ಬೈಯಬೇಡ. ನೀನು ಹೇಳಿದ ಡಾಕ್ಟರ ಹತ್ತಿರ ಚೀಟಿ ಮಾಡಿಸಿಡು, ಸೋಮವಾರ ಬರುತ್ತೇನೆ. ಕೆಮ್ಮು ವಾಸಿಯಾದರೆ ಮರಿ ನನ್ನ ಮಾತೂ ಕೇಳುವುದಿಲ್ಲವಲ್ಲ, ಅದೊಂದೇ ಚಿಂತೆ.

ಇಂತಿ,
ನಾಯಿಗೂ ಮೇಷ್ಟರಾದ ನಿನ್ನ ತಮ್ಮ