ನಿಮ್ಮ ಮನೆಯವರು ಮೀನು ಹುರಿಯಲು ಕಲಿತದ್ದು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಸೊಸೆಗೆ,

ನಿನ್ನನ್ನು ಈಗಲೂ ಸೊಸೆ ಎನ್ನಬಹುದೋ ಇಲ್ಲವೋ ತಿಳಿಯದು, ಬಾಯಿಗೆ ಅದೇ ರೂಢಿ. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕಣ್ಣಿನ ಪೊರೆ ತೆಗೆಸಿದ ಮೇಲೆ ಓದು ಬರಹ ಬೇಡವೆಂದು ಡಾಕ್ಟರು ಹೇಳಿದ್ದರು. ಈಗ ಎಲ್ಲವೂ ಚೆನ್ನಾಗಿ ಕಾಣುತ್ತಿದೆ, ಅಡುಗೆಮನೆ ಗೋಡೆಯ ಜಿಡ್ಡೂ ಸೇರಿ.

ಮೊನ್ನೆ ನಿನ್ನ ಹೊಲಿಗೆ ಯಂತ್ರ ಒಯ್ಯಲು ನಿಮ್ಮ ಮನೆಯವರು ಬಂದಿದ್ದರು. ನೀನೂ ಬರುತ್ತೀಯೆಂದು ನಾನು ಬಾಗಿಲಲ್ಲೇ ಕಾದಿದ್ದೆ. "ಅವಳಿಗೇನೋ ಕೆಲಸ ಇತ್ತು" ಎಂದರು. ಪಾಪ, ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ನನ್ನ ಮಗ ತೀರಿಕೊಂಡ ಮೇಲೆ ನಾನೇ ಮುಂದೆ ನಿಂತು ನಿನಗೆ ಇನ್ನೊಂದು ಮದುವೆ ಮಾಡಿಸಿದವಳು. ನನ್ನ ಮುಖ ನೋಡಲು ನೀನು ಹಿಂಜರಿಯುವುದು ಯಾವ ನ್ಯಾಯ?

ಯಂತ್ರವನ್ನು ವ್ಯಾನಿಗೆ ಏರಿಸಿಯಾದ ಮೇಲೂ ಅವರು ಹೊರಡಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಕೈಯಲ್ಲವೇ, ಸುಮ್ಮನಿರುವುದಿಲ್ಲ. ಬಾಗಿಲ ಚಿಲಕ ಬಿಗಿ ಮಾಡಿದರು, ಕಿರುಗುಡುವ ಫ್ಯಾನಿಗೆ ಎಣ್ಣೆ ಬಿಟ್ಟರು. ಆಮೇಲೆ ವ್ಯಾನಿನಿಂದ ಒಂದು ಚೀಲ ತಂದು ನನ್ನ ಮುಂದೆ ಇಟ್ಟರು. ಒಳಗೆ ಮೀನು.

"ನಿಮ್ಮ ಹಾಗೆ ಹುರಿಯೋದು ಕಲಿಸ್ತೀರಾ ಅಮ್ಮ? ನಾನು ಮಾಡಿದ್ದನ್ನ ಅವಳು ತಿಂತಾಳೆ. ಆದ್ರೆ ಮರ್ಯಾದೆಗೆ ತಿಂತಾಳೆ."

"ಅವಳಿಗೇ ಬರುತ್ತಲ್ಲ?"

"ಕಾವಲಿ ಮುಂದೆ ನಿಂತ್ರೆ ಅಳ್ತಾಳೆ. ಕೇಳಿದ್ರೆ ಖಾರದ ಘಾಟು ಅಂತಾಳೆ. ನಾನೂ ಹೌದು ಅಂತೀನಿ."

ನಾನು ಸೆರಗು ಸಿಕ್ಕಿಸಿಕೊಂಡೆ. ಮೀನಿನ ಮೈಗೆ ಗೀರು ಹಾಕಿಸಿದೆ. ಉಪ್ಪು, ಅರಿಶಿನ, ನಿಂಬೆರಸ ಹಚ್ಚಿಸಿದೆ. ಬೆಳ್ಳುಳ್ಳಿ, ಖಾರದ ಪುಡಿ, ಮೆಣಸು ಅರೆದ ಮಸಾಲೆಯನ್ನು ಗೀರುಗಳ ಒಳಕ್ಕೆ ತುಂಬಿಸಿದೆ. ಅವರು ಯಂತ್ರಕ್ಕೆ ಗ್ರೀಸು ಹಚ್ಚುವಷ್ಟು ಶ್ರದ್ಧೆಯಿಂದ ಹಚ್ಚಿದರು. ಆದರೆ ಕಾವಲಿಗೆ ಹಾಕಿದ ಮೇಲೆ ತಾಳ್ಮೆ ಇಲ್ಲ. ಚುಂಯ್ ಎಂದದ್ದೇ ತಡ ಮಗುಚಲು ಹೋದರು. ಮೀನು ಮಗುಚಿತು, ತೊಗಲೆಲ್ಲ ಕಾವಲಿಯಲ್ಲೇ ಉಳಿಯಿತು.

"ನೀವು ಮೀನು ಹುರೀತಿದ್ದೀರೋ, ಬೋಲ್ಟು ಬಿಚ್ತಿದ್ದೀರೋ?" ಎಂದೆ. "ತಾನಾಗೇ ಕಾವಲಿ ಬಿಡೋವರೆಗೂ ಮುಟ್ಟಬಾರದು."

ಇಬ್ಬರೂ ನಕ್ಕೆವು. ಈ ಅಡುಗೆಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಎರಡನೆಯದು ಚೆನ್ನಾಗಿ ಬಂತು. ಅಂಚೆಲ್ಲ ಗರಿಗರಿ, ಒಳಗೆ ಮೆತ್ತಗೆ.

ಊಟಕ್ಕೆ ಕೂತಾಗ ಅವರು ತಟ್ಟೆ ನೋಡುತ್ತಲೇ ಹೇಳಿದರು: "ಹಳೇದನ್ನ ಅವಳು ಮರೀಲಿ ಅಂತ ಕಲಿಯೋಕೆ ಬಂದಿಲ್ಲಮ್ಮ. ಅದನ್ನೆಲ್ಲ ನನ್ನ ಹತ್ರಾನೂ ಮಾತಾಡ್ಬಹುದು ಅಂತ ಅವಳಿಗೆ ಗೊತ್ತಾಗ್ಲಿ ಅಂತ."

ಅವರ ತಟ್ಟೆಗೆ ಇನ್ನೊಂದು ತುಂಡು ಹಾಕಿದೆ. ಇಂಥವರನ್ನು ಹುಡುಕಿಕೊಟ್ಟೆನಲ್ಲ ಎಂದು ಸ್ವಲ್ಪ ಜಂಬವೂ ಆಯಿತು, ನಗಬೇಡ.

ಡಬ್ಬಿಯಲ್ಲಿ ನಿನಗೆ ಕಳಿಸಿದ್ದೆ. ತಿಂದೆಯೋ ಇಲ್ಲವೋ ಬರೆ. ಬರುವ ವಾರ ಇಬ್ಬರೂ ಬನ್ನಿ. ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ನಿಮ್ಮಿಬ್ಬರಿಗೂ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಇರಲಿ. ನೂರು ಕಾಲ ಜೊತೆಯಾಗಿ ಬಾಳಿ.

ಇಂತಿ ನಿನ್ನ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಎರಡನೆಯ ಮೀನು ಹುರಿಯುವಾಗ ಅವರು ನನಗೆ ಬೆನ್ನು ಮಾಡಿ ನಿಂತಿದ್ದರು. ನನಗೆ ಅರಿವೇ ಇಲ್ಲದೆ, "ಗುಂಡಾ, ಉರಿ ಸಣ್ಣ ಮಾಡೋ" ಅಂದುಬಿಟ್ಟೆ. ಮಗ ಹೋದ ಮೇಲೆ ಅವನ ಆ ಹೆಸರು ನನ್ನ ಬಾಯಲ್ಲಿ ಬಂದೇ ಇರಲಿಲ್ಲ. ಅವರು ತಿರುಗಿ ನೋಡಲಿಲ್ಲ. "ಹೂಂ ಅಮ್ಮ" ಎಂದು ಉರಿ ತಗ್ಗಿಸಿದರು. ಆ ಒಂದು ಗಳಿಗೆ ನನ್ನ ಮಗ ಮನೆಯಲ್ಲೇ ಇದ್ದ. ಅವರು ಇದನ್ನು ನಿನಗೆ ಹೇಳಿರಲಾರರು. ನೀನೂ ಕೇಳಬೇಡ.